ಹೌಂಡ್ ನಾಯಿಯವರ ಸ್ನೇಹಕ್ಕೆ ಯಾವ ಬೇಟೆಗೆ ಹೋಗಬೇಕು: ರಿಚ್ಮಂಡೋ, ಆರೆಂಜ್‌ಬರ್ಗೋ, ಪಕ್ಕದೂರಿನ ಕ್ಲಬ್ಬೋ?

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಟೆಗಾರ ಅಲ್ಲ. ಓಹಾಯೋದ ಡೇಟನ್ ಹತ್ತಿರ ಇದ್ದೇನೆ, ಹಗಲೆಲ್ಲಾ ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಮನೆಯಲ್ಲಿ ಮೊಟ್ಟೆ ಕೂಡ ಬೇಯಿಸುವುದಿಲ್ಲ. ಆದರೆ ಊರು ಮುಧೋಳದ ಕಡೆ. ಅಜ್ಜನ ಹೊಲದಲ್ಲಿ ಎರಡು ಮುಧೋಳ ನಾಯಿ ಇದ್ದವು, ಅವು ಓಡುವುದನ್ನು ಬದುವಿನ ಮೇಲೆ ಕೂತು ನೋಡಿ ಬೆಳೆದವನು. 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಬಂದ ಮೇಲೆ ಮೊಲದ ಬೇಟೆ ತಪ್ಪು ಅಂತಾಯಿತು, ಅಜ್ಜನೂ ಬಿಟ್ಟಿದ್ದ, ನಾಯಿ ಸಾಕುವುದನ್ನು ಮಾತ್ರ ಬಿಡಲಿಲ್ಲ. ಆ ಹುಚ್ಚು ನನಗೂ ಅಂಟಿದೆ.

ಇಲ್ಲಿಗೆ ಬಂದ ಮೇಲೆ ಕೂನ್‌ಹೌಂಡ್ ನಾಯಿಗಳ ಪರಿಚಯವಾಯಿತು. ರಕೂನ್ ಅಂತ ಒಂದು ಪ್ರಾಣಿ, ಕಣ್ಣ ಸುತ್ತ ಕಳ್ಳನ ಹಾಗೆ ಕಪ್ಪು ಪಟ್ಟಿ, ಬಾಲಕ್ಕೆ ಬಳೆ ತೊಡಿಸಿದ ಹಾಗೆ ಉಂಗುರಗಳು, ರಾತ್ರಿ ಓಡಾಡುತ್ತದೆ. ಅದರ ವಾಸನೆ ಹಿಡಿದು ಹೋಗಿ, ಅದನ್ನು ಮರ ಹತ್ತಿಸಿ, ಮರದ ಬುಡದಲ್ಲಿ ನಿಂತು ಬೊಗಳುವುದು ಈ ನಾಯಿಗಳ ಕೆಲಸ. ನಮ್ಮ ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹಿಡಿಯುತ್ತದೆ, ಓಡುವಾಗ ತುಟಿ ಪಿಟಕ್ಕೆನ್ನುವುದಿಲ್ಲ. ಇವು ಪೂರ್ತಿ ಉಲ್ಟಾ. ಎಲ್ಲಾ ಮೂಗಿನಲ್ಲಿ, ಎಲ್ಲಾ ಬಾಯಲ್ಲಿ. ನನ್ನ ಹತ್ತಿರ ಈಗ ಅವುಗಳಲ್ಲೇ ಬ್ಲೂಟಿಕ್ ಅನ್ನುವ ತಳಿಯ ಒಂದು ಹೆಣ್ಣು ನಾಯಿ ಇದೆ. ಮೈತುಂಬಾ ನೀಲಿಗಪ್ಪು ಚುಕ್ಕೆ, ಅದಕ್ಕೇ ನೀಲಿ ಅಂತ ಹೆಸರಿಟ್ಟೆ. ಇಲ್ಲಿಯವರೆಲ್ಲಾ ಅದನ್ನು ನೆಲ್ಲಿ ಅಂತ ಕರೆಯುತ್ತಾರೆ. ಎಷ್ಟು ಸಲ ತಿದ್ದಿದರೂ ಅಷ್ಟೇ. ಈಗ ಅದೂ ಎರಡಕ್ಕೂ ಕಿವಿ ಎತ್ತುತ್ತದೆ.

ನಾಯಿ ಬಂತು, ಆದರೆ ಅದರ ಬಗ್ಗೆ ಮಾತಾಡಲು ಜನ ಇರಲಿಲ್ಲ. ಆಫೀಸಿನಲ್ಲಿ ಹೇಳಿದರೆ ನಗುತ್ತಾರೆ, ಕನ್ನಡ ಸಂಘದಲ್ಲಿ ಹೇಳಿದರೆ ಗಾಬರಿ ಬೀಳುತ್ತಾರೆ. ಹಾಗಾಗಿ ನಾಲ್ಕು ವರ್ಷದಲ್ಲಿ ನಾಲ್ಕು ತರಹದ ಬೇಟೆ ಕೂಟಗಳಿಗೆ ಹೋಗಿ ಬಂದೆ. ಗೆಲ್ಲುವುದಕ್ಕಲ್ಲ, ಜನ ಸಿಗಲಿ ಅಂತ. ಕೆಳಗೆ ಬರೆದದ್ದನ್ನೆಲ್ಲಾ ಆ ಲೆಕ್ಕದಲ್ಲೇ ಓದಿಕೊಳ್ಳಿ. ಟ್ರೋಫಿ ಬೇಕು ಅನ್ನುವವರಿಗೆ ನನ್ನ ಸಲಹೆ ಉಪಯೋಗಕ್ಕೆ ಬರಲ್ಲ.

ಎಲ್ಲಾ ಕಡೆಯೂ ರಾತ್ರಿಯ ಪಂದ್ಯದ ಕ್ರಮ ಹೆಚ್ಚುಕಡಿಮೆ ಒಂದೇ, ಅದನ್ನು ಹೇಳದೆ ಮುಂದೆ ಹೋದರೆ ಅರ್ಥವಾಗಲ್ಲ. ಸಂಜೆ ಹೆಸರು ಕೊಟ್ಟು ದುಡ್ಡು ಕಟ್ಟಬೇಕು. ಚೀಟಿ ಎತ್ತಿ ನಾಲ್ಕು ನಾಲ್ಕು ನಾಯಿಗಳ ಗುಂಪು ಮಾಡುತ್ತಾರೆ, ಅದಕ್ಕೆ ಕ್ಯಾಸ್ಟ್ ಅನ್ನುತ್ತಾರೆ. ಆ ಜಾಗ ಗೊತ್ತಿರುವ ಒಬ್ಬರು ದಾರಿ ತೋರಿಸಲು ಜೊತೆಗಿರುತ್ತಾರೆ. ಕತ್ತಲಾದ ಮೇಲೆ ಕಾಡಿನ ಅಂಚಿಗೆ ಹೋಗಿ ನಾಲ್ಕೂ ನಾಯಿ ಬಿಟ್ಟು, ಲೈಟ್ ಆರಿಸಿ, ಸುಮ್ನೆ ನಿಲ್ಲಬೇಕು. ನಾನು ಹೋದ ಕಡೆಯೆಲ್ಲಾ ಎರಡು ಗಂಟೆ ಆಟ. ನಿಮ್ಮ ನಾಯಿ ವಾಸನೆ ಹಿಡಿದು ದನಿ ತೆಗೆದರೆ ನೀವು ಕೂಗಿ ಹೇಳಬೇಕು, ‘ಸ್ಟ್ರೈಕ್ ನೆಲ್ಲಿ’ ಅಂತ. ಮೊದಲು ಹೇಳಿದವರಿಗೆ 100, ಆಮೇಲೆ 75, 50, 25. ಮರದ ಬುಡಕ್ಕೆ ಬಂದು ನಿಂತು ಬೊಗಳಿದರೆ ‘ಟ್ರೀ ನೆಲ್ಲಿ’. ಅಲ್ಲಿ ಮೊದಲಿನವರಿಗೆ 125. ಎಲ್ಲರೂ ಮರದ ಹತ್ತಿರ ಹೋಗಿ ಲೈಟ್ ಬಿಟ್ಟು ನೋಡುತ್ತಾರೆ. ರಕೂನ್ ಕಂಡರೆ ಅಂಕ ಸೇರುತ್ತದೆ. ಅದು ಇಲ್ಲವೇ ಇಲ್ಲ ಅಂತ ಖಾತ್ರಿಯಾದರೆ ಅಷ್ಟೇ ಅಂಕ ಕಳೆಯುತ್ತಾರೆ. ಪೊಟರೆಯೋ ದಟ್ಟ ಎಲೆಯೋ ಇದ್ದು ಇದೆಯೋ ಇಲ್ಲವೋ ಗೊತ್ತಾಗದಿದ್ದರೆ ಅಂಕದ ಸುತ್ತ ಒಂದು ಸೊನ್ನೆ ಸುತ್ತಿ ಮುಂದೆ ಹೋಗುತ್ತಾರೆ. ಬಂದೂಕಿನ ಮಾತೇ ಇಲ್ಲ. ರಕೂನ್ ಮೇಲೆ ಕೂತು ನಮ್ಮನ್ನು ನೋಡುತ್ತದೆ, ನಾವು ಕೆಳಗೆ ನಿಂತು ಅದನ್ನು ನೋಡುತ್ತೇವೆ, ನಾಯಿಗಳಿಗೆ ಹಗ್ಗ ಹಾಕಿ ಹೊರಡುತ್ತೇವೆ. ಅದಕ್ಕೂ ಹೆದರಿಕೆ ಆಗಲ್ವಾ ಅಂತ ನನ್ನ ಹೆಂಡತಿ ಕೇಳುತ್ತಾಳೆ. ಆಗುತ್ತೆ, ಇಲ್ಲ ಅನ್ನಲಾರೆ.

ಈಗ ವಿಷಯಕ್ಕೆ ಬರೋಣ.

ಇಂಡಿಯಾನಾದ ರಿಚ್ಮಂಡ್‌ನಲ್ಲಿ ನಡೆಯುವ ಆಟಮ್ ಓಕ್ಸ್‌ಗೆ ನಾನು ಮೊದಲು ಹೋದದ್ದು. ಎಲ್ಲರೂ ಅದನ್ನೇ ಹೇಳಿದ್ದರು. ನಾಯಿ ತಳಿಗಳನ್ನು ನೋಂದಾಯಿಸುವ ಯುನೈಟೆಡ್ ಕೆನಲ್ ಕ್ಲಬ್ ನಡೆಸುತ್ತದೆ, 1960ರಿಂದ ಇದೆ, ಸೆಪ್ಟೆಂಬರಿನ ಲೇಬರ್ ಡೇ ರಜೆಯ ಹೊತ್ತಿಗೆ. ನಮ್ಮ ಮನೆಯಿಂದ ಒಂದು ಗಂಟೆ ದಾರಿ ಕೂಡ ಇಲ್ಲ. ಹಗಲಲ್ಲಿ ಅದು ಜಾತ್ರೆಯೇ ಸರಿ. ಸಾಲು ಸಾಲು ಪಿಕಪ್ ಗಾಡಿ, ಪ್ರತಿ ಗಾಡಿಯ ಹಿಂದೆ ಅಲ್ಯೂಮಿನಿಯಂ ನಾಯಿ ಪೆಟ್ಟಿಗೆ, ಪೆಟ್ಟಿಗೆಯ ಕಿಂಡಿಯಲ್ಲಿ ಒಂದೊಂದು ಮೂಗು. ಹಣೆಗೆ ಕಟ್ಟುವ ಲೈಟು, ನಾಯಿ ಎಲ್ಲಿದೆ ಅಂತ ತೋರಿಸುವ ಜಿಪಿಎಸ್ ಕಾಲರ್, ಮುಳ್ಳಿಗೆ ಹರಿಯದ ಪ್ಯಾಂಟು, ಎಲ್ಲಾ ಒಂದೇ ಕಡೆ. ಬೆಂಚ್ ಶೋ ಅಂತ ನಾಯಿಯನ್ನು ಬೆಂಚಿನ ಮೇಲೆ ನಿಲ್ಲಿಸಿ ಮೈಕಟ್ಟು ನೋಡುವ ಸ್ಪರ್ಧೆಯೂ ಇದೆ. ಹತ್ತು ವರ್ಷದ ಒಂದು ಹುಡುಗಿ ತನಗಿಂತ ಭಾರದ ನಾಯಿಯ ಬಾಲ ಎತ್ತಿ ಹಿಡಿದು, ಕೈ ನಡುಗಿದರೂ ಬಿಡದೆ ನಿಂತಿದ್ದಳು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬಹುದಾದ ಕೂಟ ಅಂದರೆ ಇದೊಂದೇ.

ಆದರೆ ಸ್ನೇಹ? ಹಗಲಲ್ಲಿ ಐವತ್ತು ಜನರ ಹತ್ತಿರ ಮಾತಾಡಿದೆ, ಐವತ್ತೂ ಐದೈದು ನಿಮಿಷದ ಮಾತು. ಎಲ್ಲಿಯವರು, ಯಾವ ನಾಯಿ, ಒಳ್ಳೆಯದಾಗಲಿ. ರಾತ್ರಿ ಚೀಟಿ ಎತ್ತಿದಾಗ ಮೂರು ಬೇರೆ ಬೇರೆ ರಾಜ್ಯದ ಮೂವರು ಸಿಕ್ಕರು. ಅವರು ಬಂದದ್ದು ಗೆಲ್ಲುವುದಕ್ಕೆ. ನೂರಾರು ಮೈಲಿ ಗಾಡಿ ಓಡಿಸಿಕೊಂಡು ಬಂದವರನ್ನು ಹರಟೆಗೆ ಎಳೆದರೆ ಹೇಗೆ, ಅವರ ಕಿವಿಯೆಲ್ಲಾ ಕಾಡಿನ ಕಡೆ. ಜೊತೆಗೆ ಆ ಕಾಲದಲ್ಲಿ ಮರದ ತುಂಬಾ ಎಲೆ, ಹೊಲದ ತುಂಬಾ ಆಳೆತ್ತರದ ಮೆಕ್ಕೆಜೋಳ. ಮೂರು ಮರ ನೋಡಿದೆವು, ಒಂದರಲ್ಲೂ ರಕೂನ್ ಕಣ್ಣಿಗೆ ಬೀಳಲಿಲ್ಲ, ಕಾರ್ಡ್ ತುಂಬಾ ಸೊನ್ನೆ ಸುತ್ತಿಕೊಂಡು ಬಂದೆವು. ಬೆಳಗ್ಗೆ ಅವರ ಗಾಡಿಗಳೂ ಇರಲಿಲ್ಲ.

ಇನ್ನೊಂದು ಮಾತು. ಅಲ್ಲಿ ಒಬ್ಬರು ನನಗೆ ‘ಅರ್ಧ ಕಲಿತ’ ನಾಯಿ ಅಂತ ಒಂದನ್ನು ಮಾರಿದರು. ಮನೆಗೆ ತಂದ ಮೇಲೆ ಗೊತ್ತಾಯಿತು, ಅದು ಕಲಿತದ್ದು ಗಾಡಿಯ ಕೆಳಗೆ ಮಲಗುವುದನ್ನು ಮಾತ್ರ. ಕತ್ತಲೆ ಅಂದರೆ ಅದಕ್ಕೆ ಭಯ. ಈಗ ಪಕ್ಕದ ಮನೆಯ ಅಜ್ಜಿಯ ಸೋಫಾ ಮೇಲೆ ಸುಖವಾಗಿದೆ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡಬೇಕು ಅಂತ ಗೊತ್ತಿದ್ದವನು ಇಲ್ಲಿ ಮರುಳಾದೆ.

ಎರಡನೆಯದು ಸೌತ್ ಕ್ಯಾರೊಲಿನಾದ ಆರೆಂಜ್‌ಬರ್ಗ್‌ನಲ್ಲಿ ಜನವರಿಯಲ್ಲಿ ನಡೆಯುವ ಗ್ರ್ಯಾಂಡ್ ಅಮೆರಿಕನ್. ಇದೂ ದೊಡ್ಡದೇ. ನಮ್ಮಲ್ಲಿಂದ ಗಾಡಿಯಲ್ಲಿ ಹತ್ತು ಗಂಟೆ ಬೇಕೇ ಬೇಕು, ಬೆಟ್ಟ ದಾಟಿ ಹೋಗಬೇಕು, ಮಂಜು ಬಿದ್ದಿದ್ದರೆ ಇನ್ನೂ ಜಾಸ್ತಿ. ಹೋಗಿ ಇಳಿದ ಮೇಲೆ ಮಾತ್ರ ಆಯಾಸ ಮರೆತುಹೋಯಿತು. ದಕ್ಷಿಣದ ಜನಕ್ಕೆ ಅವಸರ ಕಡಿಮೆ. ಗಾಡಿಯ ಹಿಂಬಾಗಿಲು ಇಳಿಸಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಹಾದು ಹೋಗುವವರನ್ನು ಕರೆದು ಕೂರಿಸುತ್ತಾರೆ. ನನ್ನ ಊಟದ ಕತೆ ಅಲ್ಲಿ ಬಗೆಹರಿಯಿತು. ಉಪ್ಪು ಹಾಕಿ ಬೇಯಿಸಿದ ಶೇಂಗಾ! ಸಿಪ್ಪೆ ಸಮೇತ, ಬಿಸಿ ಬಿಸಿ, ಚೀಲದಲ್ಲಿ ಹಾಕಿ ಕೊಡುತ್ತಾರೆ. ಅದು ಆ ರಾಜ್ಯದ ಅಧಿಕೃತ ತಿಂಡಿಯಂತೆ, 2006ರಲ್ಲಿ ಕಾನೂನೇ ಮಾಡಿಕೊಂಡಿದ್ದಾರೆ. ನಮ್ಮ ಹೊಲದಲ್ಲಿ ಶೇಂಗಾ ಕಿತ್ತ ದಿನ ಹೀಗೇ ಬೇಯಿಸುತ್ತಿದ್ದೆವು ಅಂತ ಒಬ್ಬ ಮುದುಕರಿಗೆ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಇನ್ನೊಂದು ಕುರ್ಚಿ ತರಿಸಿದರು. ಅಲ್ಲಿಂದ ಎರಡು ಗಂಟೆ ಮಣ್ಣು, ಮಳೆ, ಶೇಂಗಾದ ಬೆಲೆ. ನಾಯಿಯ ಮಾತು ಬಂದದ್ದೇ ಕೊನೆಗೆ.

ರಾತ್ರಿ ಕಷ್ಟ. ಜೌಗು ಕಾಡು, ಮೊಣಕಾಲಿನ ತನಕ ನೀರು, ಚಳಿ. ನನ್ನ ಬೂಟು ಗಿಡ್ಡ, ಹತ್ತು ನಿಮಿಷದಲ್ಲಿ ಕಾಲು ಮರಗಟ್ಟಿತು. ಎಲೆ ಉದುರಿರುವುದರಿಂದ ರಕೂನ್ ಮಾತ್ರ ಚೆನ್ನಾಗಿ ಕಂಡಿತು, ಲೈಟ್ ಬಿದ್ದ ಕೂಡಲೇ ಎರಡು ಕಣ್ಣು ಕೆಂಡದ ಹಾಗೆ. ಸ್ನೇಹದ ಲೆಕ್ಕದಲ್ಲಿ ಆರೆಂಜ್‌ಬರ್ಗ್ ರಿಚ್ಮಂಡ್‌ಗಿಂತ ಮೇಲು, ಅನುಮಾನವೇ ಇಲ್ಲ. ಆದರೆ ಆ ಮುದುಕರು ಈಗಲೂ ಹತ್ತು ಗಂಟೆ ದೂರದಲ್ಲೇ ಇದ್ದಾರೆ. ಹಬ್ಬಕ್ಕೆ ಒಂದು ಫೋನು, ಅಷ್ಟೇ.

ತಳಿಯ ಕೂಟಗಳ ಬಗ್ಗೆ ಚಿಕ್ಕದಾಗಿ. ಬ್ಲೂಟಿಕ್‌ನವರದ್ದು, ರೆಡ್‌ಬೋನ್‌ನವರದ್ದು, ಪ್ಲಾಟ್‌ನವರದ್ದು ಅಂತ ಬೇರೆ ಬೇರೆ ‘ಡೇಸ್’ ನಡೆಯುತ್ತವೆ. ನಾನು ಬ್ಲೂಟಿಕ್‌ನವರ ಒಂದು ಕೂಟಕ್ಕೆ ಹೋಗಿದ್ದೆ. ಅಲ್ಲಿ ನನ್ನ ಹೆಸರು ಕೇಳುವ ಮೊದಲೇ ನೀಲಿಯ ಅಪ್ಪ ಯಾರು, ಅಮ್ಮನ ಕಡೆಯವರು ಯಾರು ಅಂತ ಕೇಳಿದರು, ಹೆಣ್ಣು ನೋಡಲು ಬಂದ ಬೀಗರ ಹಾಗೆ. ಬ್ಲೂಟಿಕ್ ಮೊದಲು ಇಂಗ್ಲಿಷ್ ಕೂನ್‌ಹೌಂಡ್ ಪಟ್ಟಿಯಲ್ಲೇ ಇತ್ತು, 1946ರಲ್ಲಿ ಬೇರೆಯಾಯಿತು. ಹಳೆಯ ವಾಸನೆಯನ್ನೂ ಬಿಡದೆ ನಿಧಾನವಾಗಿ ಹಿಡಿದು ಹೋಗುವ ನಾಯಿ ಬೇಕು ಅನ್ನುವವರು ಒಂದು ಕಡೆ, ಬಿಸಿ ವಾಸನೆ ಹಿಡಿದು ಜೋರಾಗಿ ಓಡುವ ನಾಯಿ ಸಾಕು ಅನ್ನುವವರು ಇನ್ನೊಂದು ಕಡೆ. ಆ ಒಡಕನ್ನು ಅಲ್ಲಿಯ ಹಿರಿಯರು ಅಣ್ಣತಮ್ಮಂದಿರು ಮೊನ್ನೆ ಹೊಲ ಪಾಲು ಮಾಡಿಕೊಂಡರೇನೋ ಅನ್ನುವ ಹಾಗೆ ಹೇಳುತ್ತಾರೆ. ಮರಿ ಬೇಕಿದ್ದರೆ, ತಳಿ ಬಗ್ಗೆ ಆಳವಾಗಿ ತಿಳಿಯಬೇಕಿದ್ದರೆ ಇಲ್ಲಿಗೇ ಹೋಗಿ. ಬೇರೆ ತಳಿಯವರ ಜೊತೆ ಮಾತಾಡುವ ಸುಖ ಸಿಗಲ್ಲ. ನಿಮ್ಮ ನಾಯಿಯ ಕಾಗದಪತ್ರ ಸರಿ ಇಲ್ಲದಿದ್ದರೆ ಸ್ವಲ್ಪ ಮೂಲೆಗುಂಪಾಗುತ್ತೀರಿ ಕೂಡ.

ಕೊನೆಯದು ನಮ್ಮ ಪಕ್ಕದೂರಿನ ಕ್ಲಬ್. ಹೆಸರು ಬೇಡ, ಇಂಥವು ಓಹಾಯೋ, ಇಂಡಿಯಾನಾ, ಕೆಂಟಕಿ ತುಂಬಾ ಇವೆ. ತಗಡಿನ ಶೀಟಿನ ಒಂದು ಕಟ್ಟಡ, ಒಳಗೆ ಉದ್ದನೆಯ ಮೇಜು, ಮೂಲೆಯಲ್ಲಿ ಅಡುಗೆಮನೆ. ಶುಕ್ರವಾರ ಇಲ್ಲವೇ ಶನಿವಾರ ರಾತ್ರಿ ಪಂದ್ಯ. ನಾನು 25 ಡಾಲರ್ ಕೊಟ್ಟು ಹೆಸರು ಬರೆಸಿದೆ. ಬಂದದ್ದು ಎಲ್ಲಾ ಸೇರಿ ಹನ್ನೊಂದು ನಾಯಿ. ಒಳಗೆ ಹೋದ ಮೊದಲ ಅರ್ಧ ಗಂಟೆ ಯಾರೂ ಮಾತಾಡಿಸಲಿಲ್ಲ, ಅದನ್ನೂ ಹೇಳಬೇಕು. ನನ್ನ ಮುಖ, ನನ್ನ ಉಚ್ಚಾರ, ಹೊಸ ಬೂಟು, ಮೂರೂ ಬೇರೆ. ಆಚೆ ಗಾಡಿಗೆ ಹೋಗಿ ಕೂತುಬಿಡೋಣ ಅನಿಸಿತ್ತು.

ನನ್ನ ಕ್ಯಾಸ್ಟ್‌ನಲ್ಲಿ ಒಬ್ಬ ಲಾರಿ ಡ್ರೈವರ್, ಶಾಲಾ ಬಸ್ಸು ಓಡಿಸಿ ನಿವೃತ್ತರಾದ ಒಬ್ಬ ಹೆಂಗಸು, ಅಪ್ಪನ ನಾಯಿ ತಂದಿದ್ದ ಹದಿನಾರರ ಹುಡುಗ. ನಾಯಿ ಬಿಟ್ಟೆವು, ಲೈಟ್ ಆರಿಸಿದೆವು. ಸ್ವಲ್ಪ ಹೊತ್ತಿಗೆ ನೀಲಿ ದನಿ ತೆಗೆದಳು, ಊಳಿಟ್ಟ ಹಾಗೆ ಉದ್ದನೆಯ ದನಿ. ನಾನು ಕೂಗಿದೆ. ಆಮೇಲೆ ಅದೇ ದನಿ ತುಂಡು ತುಂಡಾಯಿತು, ಒನಕೆ ಕುಟ್ಟಿದ ಹಾಗೆ ಒಂದೇ ಸಮ. ಮರದ ಬುಡಕ್ಕೆ ಬಂದಾಗ ಬರುವ ದನಿ ಅದು. ಮೈ ಜುಮ್ಮೆಂದಿತು, ‘ಟ್ರೀ ನೆಲ್ಲಿ’ ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. 100 ಮತ್ತು 125, ಎರಡರಲ್ಲೂ ನಾನೇ ಮೊದಲು. ಹಳ್ಳ ದಾಟಿ ಹೋಗಿ ಲೈಟ್ ಬಿಟ್ಟರೆ, ಕೊಂಬೆಯ ಮೇಲೆ ಬಿಳಿ ಮೂತಿಯ ಪಾಸಮ್, ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಬೆಕ್ಕಿನಷ್ಟು ದೊಡ್ಡ ಪ್ರಾಣಿ, ಹಲ್ಲು ಕಿರಿದು ಕೂತಿದೆ. ರಕೂನ್ ಅಲ್ಲ. ಎರಡೂ ಸೇರಿ 225 ಮೈನಸ್.

ಯಾರೂ ಏನೂ ಅನ್ನಲಿಲ್ಲ. ಆ ಹೆಂಗಸು ಅಂಕ ಬರೆದುಕೊಂಡು, ನನ್ನ ಮೊದಲ ನಾಯಿ ಒಂದು ಬೆಕ್ಕಿಗೆ ಮುಕ್ಕಾಲು ಗಂಟೆ ಬೊಗಳಿತ್ತು ಅಂದರು. ಹುಡುಗ ನಕ್ಕ. ಲಾರಿಯವರು ತಮ್ಮದೊಂದು ಹೇಳಿದರು. ಅಲ್ಲಿಂದ ಮುಂದಿನ ಒಂದೂವರೆ ಗಂಟೆ ಬೇಲಿಗೆ ಒರಗಿಕೊಂಡು, ಮುಖ ಕಾಣದ ಕತ್ತಲಲ್ಲಿ, ನಾವು ನಾಲ್ವರೂ ನಮ್ಮ ನಮ್ಮ ನಾಯಿ ಮರ್ಯಾದೆ ಕಳೆದ ಕತೆಗಳನ್ನೇ ಹೇಳಿಕೊಂಡೆವು. ಕತ್ತಲಲ್ಲಿ ಮಾತು ಸಲೀಸು, ನಿಮಗೆ ಗೊತ್ತಿರುತ್ತೆ, ನಮ್ಮೂರಲ್ಲಿ ಕರೆಂಟ್ ಹೋದಾಗ ಕಟ್ಟೆ ಮೇಲೆ ಆಗುತ್ತಿತ್ತಲ್ಲ ಹಾಗೆ. ಎಲ್ಲಾ ಪಂದ್ಯದಲ್ಲೂ ಕತ್ತಲಲ್ಲಿ ಕಾಯುವ ಈ ಹೊತ್ತು ಇರುತ್ತದೆ, ಆದರೆ ಮಾತು ಬರುವುದು ಸೋತರೂ ಪರವಾಗಿಲ್ಲ ಅನ್ನುವ ಕಡೆ ಮಾತ್ರ. ಮತ್ತೆ ಎರಡು ವಾರಕ್ಕೆ ಅದೇ ಮುಖಗಳು ಸಿಗುತ್ತವೆ. ಅದು ದೊಡ್ಡ ಕೂಟದಲ್ಲಿ ಆಗದ ಮಾತು.

ಹಾಗಾಗಿ ನನ್ನನ್ನು ಕೇಳಿದರೆ, ಮೊದಲು ಹತ್ತಿರದ ಕ್ಲಬ್ಬಿಗೆ ನಾಲ್ಕೈದು ಸಲ ಹೋಗಿ. ಒಂದು ಸಲ ಹೋಗಿ ಸರಿ ಇಲ್ಲ ಅನ್ನಬೇಡಿ, ಆ ಮೊದಲ ಅರ್ಧ ಗಂಟೆ ಎಲ್ಲರಿಗೂ ಹಾಗೇ ಅಂತೆ. ನಾಯಿ ಇಲ್ಲದೆಯೂ ಹೋಗಬಹುದು, ಕೇಳಿದರೆ ಕ್ಯಾಸ್ಟ್ ಜೊತೆ ನೋಡಲು ಬಿಡುತ್ತಾರೆ, ಬಾಯಿ ಮುಚ್ಚಿಕೊಂಡಿರಬೇಕು ಅಷ್ಟೇ. ಕೇಳದೆ ಇನ್ನೊಬ್ಬರ ನಾಯಿ ಮುಟ್ಟಬೇಡಿ. ಕ್ಲಬ್ಬಿನವರ ಜೊತೆಗೇ ರಿಚ್ಮಂಡ್‌ಗೆ ಹೋಗಿ, ಒಬ್ಬರೇ ಹೋಗುವುದಕ್ಕೂ ನಾಲ್ಕು ಜನರ ಜೊತೆ ಹೋಗುವುದಕ್ಕೂ ಅಜಗಜಾಂತರ. ನನ್ನ ಎರಡನೇ ಆಟಮ್ ಓಕ್ಸ್ ಹಾಗೇ ಆಯಿತು, ಅದು ಬೇರೆಯೇ ಕೂಟ ಅನಿಸಿತು. ಆರೆಂಜ್‌ಬರ್ಗ್‌ಗೆ ರಜೆ ಇದ್ದರೆ ಮಾತ್ರ, ಉದ್ದ ಬೂಟು ಇದ್ದರೆ ಮಾತ್ರ. ತಳಿಯ ಕೂಟಕ್ಕೆ ನಿಮಗೆ ಯಾವ ತಳಿ ಇಷ್ಟ ಅಂತ ಗೊತ್ತಾದ ಮೇಲೆ.

ಊಟ ಮಾತ್ರ ಕಟ್ಟಿಕೊಂಡು ಹೋಗಿ. ಕ್ಲಬ್ಬಿನ ಅಡುಗೆಮನೆಯಲ್ಲಿ ನನ್ನಂಥವರಿಗೆ ಸಿಗುವುದು ಚೀಸ್ ಹಾಕಿದ ಬ್ರೆಡ್ ಒಂದೇ. ನಾನು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯುತ್ತೇನೆ. ಬಸ್ಸಿನ ಅಮ್ಮನಿಗೆ ಈಗ ಅದು ಎಷ್ಟು ಹಿಡಿಸಿದೆಯೆಂದರೆ, ಹೋದ ಶುಕ್ರವಾರ ಮಳೆ ಅಂತ ನಾನು ಬರಲ್ಲ ಅಂದಾಗ, ನೆಲ್ಲಿ ಬರದಿದ್ದರೂ ಡಬ್ಬಿ ಕಳಿಸು ಅಂದರು.