ಬೆನ್ನುನೋವಿಗೊಂದು ಕೈಪಿಡಿ: ‘ಬ್ಯಾಕ್ ಮೆಕ್ಯಾನಿಕ್’

2015ರಲ್ಲಿ ಹೊರಬಂದ ಈ ಪುಸ್ತಕವನ್ನು ಕೊಳ್ಳುವ ಮೊದಲು ಅದರ ಲೇಖಕರ ಹಿನ್ನೆಲೆಯನ್ನು ತಿಳಿಯುವುದು ಒಳ್ಳೆಯದು. ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಅವರು ವೈದ್ಯರಲ್ಲ, ಶಸ್ತ್ರಚಿಕಿತ್ಸಕರೂ ಅಲ್ಲ. 1986ರಲ್ಲಿ ವಾಟರ್‌ಲೂ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದು, ಅಲ್ಲಿಯೇ ಮೂರು ದಶಕಗಳ ಕಾಲ ಬೆನ್ನೆಲುಬಿನ ಬಯೋಮೆಕ್ಯಾನಿಕ್ಸ್ (ದೇಹದ ಚಲನೆ ಮತ್ತು ಅದರ ಮೇಲೆ ಬೀಳುವ ಹೊರೆಯ ಅಧ್ಯಯನ) ಕಲಿಸಿದ ಪ್ರಾಧ್ಯಾಪಕರು. ಹಂದಿಯ ಬೆನ್ನೆಲುಬಿನ ತುಂಡುಗಳನ್ನು ಯಂತ್ರಕ್ಕೆ ಬಿಗಿದು, ಸಾವಿರಾರು ಬಾರಿ ಬಗ್ಗಿಸಿ, ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಹೇಗೆ ಜಾರುತ್ತದೆಂದು ನೋಡಿದ ಪ್ರಯೋಗಗಳು ಅವರ ಪ್ರಯೋಗಾಲಯದವು.

ಆ ಅನುಭವ ಪುಟಗಳಲ್ಲಿ ಎದ್ದು ಕಾಣುತ್ತದೆ. ಎಲ್ಲರಿಗೂ ಒಂದೇ ವ್ಯಾಯಾಮ ಹೇಳುವ ಬದಲು, ಯಾವ ಚಲನೆ ನೋವನ್ನು ಕೆರಳಿಸುತ್ತದೆ ಎಂಬುದನ್ನು ಓದುಗನೇ ಪತ್ತೆಹಚ್ಚಬೇಕೆಂದು ಅವರು ಕೇಳುತ್ತಾರೆ. ಅಂಗಾತ ಮಲಗಿ, ಒಂದು ಮಂಡಿ ಮಡಚಿ, ಸೊಂಟದ ಕೆಳಗೆ ಅಂಗೈಗಳನ್ನಿಟ್ಟು, ತಲೆ ಮತ್ತು ಭುಜಗಳನ್ನು ನೆಲದಿಂದ ತುಸುವೇ ಎತ್ತಿ 10 ಸೆಕೆಂಡ್ ಹಿಡಿಯುವ ವ್ಯಾಯಾಮ ನೋಡುವುದಕ್ಕೆ ಏನೂ ಅನ್ನಿಸುವುದಿಲ್ಲ. ಆದರೆ ಮೊದಲ ದಿನವೇ ನನ್ನ ಹೊಟ್ಟೆಯ ಸ್ನಾಯುಗಳು ನಡುಗಿದವು. ದಿನವಿಡೀ ಕುರ್ಚಿಯಲ್ಲಿ ಕೂರುವ ನನಗೆ, ಪಕ್ಕಕ್ಕೆ ಮಲಗಿ, ಮೊಣಕೈ ಊರಿ ದೇಹವನ್ನು ಎತ್ತಿ ಹಿಡಿಯುವುದು ಇನ್ನೂ ಕಷ್ಟವಾಯಿತು.

ಒಂದು ತಕರಾರಿದೆ. ಸತ್ತ ಪ್ರಾಣಿಯ ಮೂಳೆ ವಾಸಿಯಾಗುವುದಿಲ್ಲ, ಜೀವಂತ ದೇಹ ಹೊರೆಗೆ ಹೊಂದಿಕೊಳ್ಳುತ್ತದೆ ಎಂಬ ಆಕ್ಷೇಪ ಹಳೆಯದು. ಬಗ್ಗುವುದರ ಬಗ್ಗೆ ಪುಸ್ತಕದ ಎಚ್ಚರಿಕೆ ಕೆಲವರಲ್ಲಿ ಅನಗತ್ಯ ಅಂಜಿಕೆ ಹುಟ್ಟಿಸಬಹುದು. ಕಾಲು ಜೋಮು ಹಿಡಿಯುವವರು, ಮೂತ್ರದ ಹಿಡಿತ ತಪ್ಪಿದವರು ಪುಸ್ತಕ ತೆರೆಯದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಉಳಿದವರಿಗೆ, ಸರಳ ಇಂಗ್ಲಿಷ್ ಓದಬಲ್ಲವರಾದರೆ, ಕೊಟ್ಟ ಹಣಕ್ಕೆ ಮೋಸವಿಲ್ಲ.