ಹಾಲಿವುಡ್ ಭ್ರಮನಿರಸನದ ಎರಡು ಕಾದಂಬರಿಗಳು: ಯಾವುದನ್ನು ಮೊದಲು ಓದಬೇಕು?

ಒಂದನ್ನೇ ಓದಲು ಬಿಡುವಿರುವವರಿಗೆ ನಾನು ಹಿಂಜರಿಯದೆ ಸೂಚಿಸುವುದು ನಥಾನಿಯಲ್ ವೆಸ್ಟ್‌ನ ‘ದಿ ಡೇ ಆಫ್ ದಿ ಲೋಕಸ್ಟ್’ (1939). ಸ್ಟುಡಿಯೋದಲ್ಲಿ ಸೆಟ್ಟು, ಉಡುಪುಗಳ ವಿನ್ಯಾಸಕ್ಕೆಂದು ಬಂದ ಚಿತ್ರಕಾರ ಟಾಡ್ ಹ್ಯಾಕೆಟ್‌ನ ಕಣ್ಣಿಗೆ ಬೀಳುವುದು ತಾರೆಯರಲ್ಲ. ತಾರೆಯಾಗುವ ಹಂಬಲದ ಫೇ ಗ್ರೀನರ್, ಅವಳ ಮುದಿ ವಿದೂಷಕ ತಂದೆ, ಅಯೋವಾದಿಂದ ಬಂದ ಒಂಟಿ ಹೋಮರ್ ಸಿಂಪ್ಸನ್. ಕ್ಯಾಲಿಫೋರ್ನಿಯಾದ ಬಿಸಿಲನ್ನೂ ತೆರೆಯ ಮೇಲಿನ ಸುಖವನ್ನೂ ನಂಬಿ ಬಂದವರ ಬೇಸರವು ಕ್ರಮೇಣ ಕ್ರೋಧವಾಗಿ, ಚಿತ್ರವೊಂದರ ಪ್ರಥಮ ಪ್ರದರ್ಶನದ ಎದುರು ದೊಂಬಿಯಾಗಿ ಸಿಡಿಯುವ ಕೊನೆಯ ಅಧ್ಯಾಯವನ್ನು ಮರೆಯುವುದು ಕಷ್ಟ. ಪ್ರೇಕ್ಷಕನ ಹಸಿವನ್ನೇ ಕೇಂದ್ರಕ್ಕೆ ತಂದ ಈ ಧೈರ್ಯವೇ ಕೃತಿಯ ಹಿರಿಮೆ.

ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್‌ನ ‘ದಿ ಲಾಸ್ಟ್ ಟೈಕೂನ್’ ಅದೇ ಉದ್ಯಮವನ್ನು ಮೇಲಿನಿಂದ ನೋಡುತ್ತದೆ. ನಿರ್ಮಾಪಕ ಅರ್ವಿಂಗ್ ಥಾಲ್‌ಬರ್ಗ್‌ನ ಛಾಯೆಯಿರುವ ಕಥಾನಾಯಕ ಮನ್ರೋ ಸ್ಟಾರ್, ಚಿತ್ರಕಥೆಗಾರರನ್ನೂ ನಿರ್ದೇಶಕರನ್ನೂ ನಡೆಸಿಕೊಳ್ಳುವ ಪ್ರಸಂಗಗಳು ಸ್ಟುಡಿಯೋದ ದೈನಂದಿನ ಕೆಲಸವನ್ನು ಅರಿಯಬಯಸುವವರಿಗೆ ಹೆಚ್ಚು ಪ್ರಯೋಜನಕಾರಿ. ಆದರೆ 1940ರ ಡಿಸೆಂಬರ್‌ನಲ್ಲಿ ಲೇಖಕ ತೀರಿಕೊಂಡದ್ದರಿಂದ ಕಾದಂಬರಿ ಅಪೂರ್ಣವಾಗಿಯೇ ಉಳಿದು, ಎಡ್ಮಂಡ್ ವಿಲ್ಸನ್‌ನ ಸಂಪಾದನೆಯಲ್ಲಿ 1941ರಲ್ಲಿ ಪ್ರಕಟವಾಯಿತು. ಫಿಟ್ಜ್‌ಜೆರಾಲ್ಡ್ ತೀರಿಕೊಂಡ ಮರುದಿನವೇ ವೆಸ್ಟ್ ಕೂಡ ಅಪಘಾತದಲ್ಲಿ ಮಡಿದನೆಂಬುದು ಇಂದಿಗೂ ಮನಸ್ಸನ್ನು ಕಲಕುವ ಸಂಗತಿ. ಮುಗಿಯದ ಕಥೆಯನ್ನು ಸಹಿಸಲಾರದವರು ಇದನ್ನು ಎರಡನೆಯದಾಗಿ ಓದುವುದು ಒಳಿತು.