ಬೆಲ್ ಕೂಡ ಇಲ್ಲದ ಸೈಕಲ್ಲಿನ ಜೊತೆ 3 ವರ್ಷ, 11,400 ಕಿಲೋಮೀಟರ್

2021ರ ಡಿಸೆಂಬರಿನಲ್ಲಿ 32,000 ರೂಪಾಯಿ ಕೊಟ್ಟು ಹೈಬ್ರಿಡ್ ಸೈಕಲ್ (ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನದು) ಮನೆಗೆ ತಂದ ದಿನ ನಮ್ಮಪ್ಪ ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿ ಕೇಳಿದ್ದು ಒಂದೇ ಪ್ರಶ್ನೆ: "ಸ್ಟ್ಯಾಂಡ್ ಎಲ್ಲಪ್ಪಾ?" ಸ್ಟ್ಯಾಂಡ್ ಇರಲಿಲ್ಲ. ಮಡ್‌ಗಾರ್ಡ್, ಕ್ಯಾರಿಯರ್, ಚೈನ್ ಕವರ್, ಕೊನೆಗೆ ಬೆಲ್ ಕೂಡ ಇರಲಿಲ್ಲ. ಅವರ ಕಾಲದ ಅಟ್ಲಾಸ್‌ನಲ್ಲಿ ಇವೆಲ್ಲ ಇದ್ದವು. "ಇಷ್ಟು ದುಡ್ಡಿಗೆ ಅರ್ಧ ಸೈಕಲ್ ಕೊಟ್ಟು ಕಳಿಸಿದ್ದಾರೆ" ಎಂದು ಒಳಗೆ ಹೋದರು. ಆಗ ನಗು ಬಂದಿತ್ತು. ಈಗ ನೋಡಿದರೆ ಉಳಿದ ಅರ್ಧಕ್ಕೆ ನನ್ನ ಕೈಯಿಂದ 20,000 ರೂಪಾಯಿಗೂ ಮೀರಿ ಖರ್ಚಾಗಿದೆ. ಈ ವಿಮರ್ಶೆ ಹೆಚ್ಚಾಗಿ ಆ ಉಳಿದ ಅರ್ಧದ ಬಗ್ಗೆಯೇ.

ನನಗೆ 47 ವರ್ಷ, 82 ಕೆಜಿ ತೂಕ, ಎತ್ತರ 168 ಸೆಂಟಿಮೀಟರ್. ಒಳಪೆಡಲಿನಲ್ಲಿ ಕಲಿತು, ಕಾಲೇಜು ಮುಗಿಯುವವರೆಗೂ ತುಳಿದು, ಆಮೇಲೆ 25 ವರ್ಷ ಸ್ಕೂಟರಿಗೆ ಅಂಟಿಕೊಂಡವನು. ಸೈಕಲ್ ಕೊಳ್ಳುವ ಮೊದಲು ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲನ್ನು ಒಂದಷ್ಟು ದಿನ ಓಡಿಸಿ, ಈ ಹುಚ್ಚು ವಾರದಲ್ಲಿ ಇಳಿಯುವಂಥದ್ದಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದೆ. ಮರಳಿ ಸೈಕಲ್ ಹತ್ತಬೇಕೆನ್ನುವವರು ದುಡ್ಡು ಬಿಚ್ಚುವ ಮೊದಲು ಹೀಗೆ ಬಾಡಿಗೆಯದನ್ನೋ ನೆಂಟರ ಮನೆಯದನ್ನೋ ತುಳಿದು ನೋಡುವುದು ಒಳ್ಳೆಯದು. ಈಗ ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ವಾರಕ್ಕೆ ನಾಲ್ಕು ದಿನ ಸೈಕಲ್ಲಿನಲ್ಲೇ ಹೋಗಿ ಬರುತ್ತೇನೆ. ಭಾನುವಾರ ಶ್ರೀರಂಗಪಟ್ಟಣದ ಕಡೆಗೋ ಚಾಮುಂಡಿ ಬೆಟ್ಟಕ್ಕೋ ಸವಾರಿ.

ಸೈಕಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಯುಮಿನಿಯಂ ಫ್ರೇಮು, 35 ಮಿಲಿಮೀಟರ್ ಅಗಲದ ಟೈರು, ಮುಂದೆ ಮೂರು ಹಿಂದೆ ಎಂಟು ಗೇರು, ಶಿಮಾನೊ ಕಂಪನಿಯ ಆಲ್ಟಸ್ ಮಾದರಿ. ಗೇರಿನದು ಒಂದು ತಕರಾರೂ ಇಲ್ಲ. ಮೂರು ವರ್ಷದಲ್ಲಿ ಎರಡು ಸಲ ಕೇಬಲ್ ಬಿಗಿ ಮಾಡಿಸಿದ್ದೇನೆ, ಅಷ್ಟೇ. ಸಸ್ಪೆನ್ಷನ್ ಇರುವುದನ್ನೇ ತೆಗೆದುಕೊಳ್ಳಿ ಎಂದು ಕಚೇರಿಯವರು ಬಹಳ ಹೇಳಿದ್ದರು. ತೆಗೆದುಕೊಳ್ಳದಿದ್ದುದು ಒಳ್ಳೆಯದಾಯಿತು. ಈ ಬೆಲೆಯ ಸೈಕಲ್ಲುಗಳಲ್ಲಿ ಬರುವ ಸಸ್ಪೆನ್ಷನ್ ತೂಕ ಕೂಡಿಸುತ್ತದೆ, ಏರಿನಲ್ಲಿ ಎದ್ದು ತುಳಿದರೆ ನಮ್ಮ ಶಕ್ತಿಯನ್ನು ತಾನೇ ನುಂಗುತ್ತದೆ.

ಅಂಗಡಿಯವರ ಮೇಲೆ ಮಾತ್ರ ಒಂದು ಸಿಟ್ಟು ಇನ್ನೂ ಇದೆ. ನನ್ನ ಎತ್ತರಕ್ಕೆ ಎಂ ಅಳತೆಯ ಫ್ರೇಮ್ ಬೇಕಿತ್ತು. ಅವರ ಬಳಿ ಎಲ್ ಮಾತ್ರ ಇತ್ತು. "ಸೀಟು ಇಳಿಸಿದರೆ ಸರಿಹೋಗುತ್ತದೆ ಸಾರ್" ಎಂದರು, ನಾನೂ ತಲೆಯಾಡಿಸಿದೆ. ಸೀಟು ಇಳಿಸಬಹುದು, ಹ್ಯಾಂಡಲ್ಲನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಆಗುತ್ತದೆಯೇ? ಎರಡು ತಿಂಗಳು ಅಂಗೈ ಜೋಮು, ಕುತ್ತಿಗೆ ನೋವು. ಹ್ಯಾಂಡಲ್ ಹಿಡಿದಿರುವ ಸ್ಟೆಮ್ 100 ಮಿಲಿಮೀಟರ್ ಉದ್ದವಿತ್ತು. ಬೇರೆ ಕಡೆ 900 ರೂಪಾಯಿ ಕೊಟ್ಟು 70ರದ್ದನ್ನು ಹಾಕಿಸಿದ ಮೇಲೆ ಮುಕ್ಕಾಲು ಪಾಲು ನೋವು ಹೋಯಿತು. ಉಳಿದ ಕಾಲು ಪಾಲು ತಪ್ಪು ಅಳತೆಯ ಬಡ್ಡಿ, ಕಟ್ಟುತ್ತಲೇ ಇದ್ದೇನೆ.

ಮಂಡಿನೋವಿನ ತಪ್ಪು ಪೂರ್ತಿ ನನ್ನದೇ. ಹಳೆಯ ರೂಢಿಯಂತೆ ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರುವಷ್ಟು ಕೆಳಗೆ ಸೀಟು ಇಟ್ಟುಕೊಂಡಿದ್ದೆ. ಮಂಡಿಚಿಪ್ಪಿನ ಮುಂಭಾಗ ನೋಯತೊಡಗಿತು. ಗೋಡೆಗೆ ಆತು ಸೀಟಿನ ಮೇಲೆ ಕೂತು, ಪೆಡಲ್ಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತುಸು ಬಾಗಿರುತ್ತದೆ. ಹಾಗೆ ನೋಡಿ ಮೂರೂವರೆ ಸೆಂಟಿಮೀಟರ್ ಎತ್ತರಿಸಿದೆ. ಹದಿನೈದು ದಿನದಲ್ಲಿ ನೋವು ಮಾಯ. ಕಾಸು ಖರ್ಚಿಲ್ಲದ ರಿಪೇರಿ ಇದೊಂದೇ.

ಸೀಟು ಬದಲಿಸಿದ ಕಥೆಯನ್ನು ಸಂಕೋಚ ಬಿಟ್ಟು ಹೇಳಬೇಕು. ಮೊದಲು ಮೆತ್ತಗಿದ್ದರೆ ಸುಖ ಎಂದುಕೊಂಡು ಜೆಲ್ ಕವರ್ ತಂದೆ. ಮೂರು ಕಿಲೋಮೀಟರ್ ಸುಖ, ಆಮೇಲೆ ನರಕ. ಮೆದು ಜೆಲ್‌ನಲ್ಲಿ ಕೂರುವ ಎರಡು ಮೂಳೆ ಹೂತುಹೋಗುತ್ತವೆ, ಭಾರವೆಲ್ಲ ನಡುವಿನ ಮೆದು ಭಾಗದ ಮೇಲೆ ಬೀಳುತ್ತದೆ. ಬೇಕಾದದ್ದು ಆ ಮೂಳೆಗಳ ಅಗಲಕ್ಕೆ ಹೊಂದುವ, ಸ್ವಲ್ಪ ಗಟ್ಟಿಯಾದ ಸೀಟು. ಅಳೆಯಲು ಒಂದು ಉಪಾಯವಿದೆ. ಟಿವಿ ಬಂದಿದ್ದ ಪೆಟ್ಟಿಗೆಯ ರಟ್ಟನ್ನು ಹೊರಗಿನ ಮೆಟ್ಟಿಲ ಮೇಲೆ ಹಾಸಿ, ತೆಳುವಾದ ಚಡ್ಡಿಯಲ್ಲಿ ಮುಂದಕ್ಕೆ ಬಾಗಿ ಒಂದು ನಿಮಿಷ ಅದರ ಮೇಲೆ ಕೂತೆ. ಹಾಲು ತರಲು ಹೊರಟ ಹೆಂಡತಿ ಏನೂ ಕೇಳದೆ ದಾಟಿಕೊಂಡು ಹೋದಳು. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ಗುಳಿ. ನಡುವಿನಿಂದ ನಡುವಿಗೆ 12.5 ಸೆಂಟಿಮೀಟರ್. ಅದಕ್ಕೆ ಎರಡು ಮೂರು ಸೆಂಟಿಮೀಟರ್ ಸೇರಿಸಿ 15.5 ಅಗಲದ, ನಡುವೆ ಸೀಳಿರುವ ಸೀಟನ್ನು 1,800 ರೂಪಾಯಿಗೆ ತಂದೆ. ಒಂದು ವಾರ ಬೈದುಕೊಂಡೆ, ಆಮೇಲೆ ಸೀಟು ಇದೆ ಎಂಬುದೇ ಮರೆತುಹೋಯಿತು.

ಇನ್ನು ಗಾಳಿಯ ವಿಷಯ. ನಮ್ಮ ಹಳೆಯ ಸೈಕಲ್ಲಿನಲ್ಲಿ ಇದ್ದದ್ದು ವಾಲ್‌ಟ್ಯೂಬ್, ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಆ ಬೆರಳುದ್ದದ ರಬ್ಬರು. ಈ ಸೈಕಲ್ಲಿನಲ್ಲಿರುವುದು ಪ್ರೆಸ್ಟಾ ವಾಲ್ವ್: ಪೆನ್ನಿನ ರೀಫಿಲ್ಲಿಗಿಂತ ತುಸು ದಪ್ಪ, ತುದಿಯಲ್ಲೊಂದು ಪುಟ್ಟ ತಿರುಪು. ತಿರುಪು ಸಡಿಲಿಸಿ, ಒಮ್ಮೆ ಒತ್ತಿ, ಆಮೇಲೆ ಗಾಳಿ ತುಂಬಬೇಕು. ಮೊದಲ ಪಂಚರ್ ಆದದ್ದು ರಿಂಗ್ ರಸ್ತೆಯ ಹತ್ತಿರ. ಪಂಚರ್ ಅಂಗಡಿಯವರು ತೂತಿಗೆ ಪ್ಯಾಚ್ ಹಾಕಿ, ಕಂಪ್ರೆಸರ್ ಪೈಪು ಹಿಡಿದು ವಾಲ್ವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಇದಕ್ಕೆ ಗಾಳಿ ಹೋಗುವುದೆಲ್ಲಿಂದ ಸಾರ್?" ಬಸ್ಸು ಲಾರಿಗೆಲ್ಲ ಗಾಳಿ ಹಿಡಿದ ಕೈ ಅದು, ಸೋಲಲು ಒಪ್ಪಲಿಲ್ಲ. ಒತ್ತಿದರು. ಒಳಗಿನ ಕಡ್ಡಿ ಬಾಗಿ, ಇದ್ದಬದ್ದ ಗಾಳಿಯೂ ಸುಯ್ ಎಂದು ಹೋಯಿತು. ಮೂರು ಕಿಲೋಮೀಟರ್ ತಳ್ಳಿಕೊಂಡು ಮನೆ ಸೇರಿದೆ. ಮಾರನೆಯ ದಿನ 40 ರೂಪಾಯಿಯ ಹಿತ್ತಾಳೆ ಅಡಾಪ್ಟರ್ ಎರಡು ತಂದೆ. ಕಡಲೆಬೀಜದಷ್ಟಿರುವ ಅದನ್ನು ವಾಲ್ವಿನ ತುದಿಗೆ ತಿರುಗಿಸಿದರೆ ಸ್ಕೂಟರಿಗೆ ಹಿಡಿಯುವ ಪೈಪೇ ಸಾಕು. ಒಂದು ನನ್ನ ಕೀಲಿಗೊಂಚಲಿನಲ್ಲಿದೆ, ಇನ್ನೊಂದನ್ನು ಆ ಅಂಗಡಿಗೆ ಕೊಟ್ಟೆ. ಗೋಡೆಯ ಮೊಳೆಗೆ ದಾರದಲ್ಲಿ ಕಟ್ಟಿ ನೇತುಹಾಕಿದ್ದಾರೆ. "ನಿಮ್ಮಂಥವರು ಈಗ ವಾರಕ್ಕೆ ಇಬ್ಬರು ಬರುತ್ತಾರೆ ಸಾರ್" ಎನ್ನುತ್ತಾರೆ.

ಹೊಸದಾಗಿ ಕೊಳ್ಳುವವರು ನನ್ನನ್ನು ಏನಾದರೂ ಒಂದೇ ಹೇಳಿ ಎಂದರೆ, ಮೀಟರ್ ಇರುವ ನೆಲದ ಪಂಪು ಎನ್ನುತ್ತೇನೆ. 1,600 ರೂಪಾಯಿ. ಪ್ರತಿ ಸೋಮವಾರ ಬೆಳಿಗ್ಗೆ ಹಿಂದಕ್ಕೆ 70, ಮುಂದಕ್ಕೆ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕುತ್ತೇನೆ. ಹಗುರ ಇರುವವರಿಗೆ ಇಷ್ಟು ಬೇಡ. ಹೆಬ್ಬೆರಳಲ್ಲಿ ಒತ್ತಿ ನೋಡಿ ಗಾಳಿ ಇದೆ ಎನ್ನುತ್ತಿದ್ದ ಕಾಲದಲ್ಲಿ ಮೀಟರ್ ತೋರಿಸುತ್ತಿದ್ದದ್ದು 35. ಗಾಳಿ ಕಡಿಮೆಯಾದರೆ ಗುಂಡಿಯ ಅಂಚಿಗೆ ಬಡಿದಾಗ ರಿಮ್ಮಿಗೂ ನೆಲಕ್ಕೂ ನಡುವೆ ಟ್ಯೂಬು ಸಿಕ್ಕಿಕೊಂಡು, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತದೆ.

ಆದರೂ ಮೊದಲ ವರ್ಷ 11 ಪಂಚರ್. ಹೆಚ್ಚಿನವು ಜಾಲಿ ಮುಳ್ಳಿನವು, ಕೆಲವು ಲಾರಿ ಟೈರಿನಿಂದ ಉದುರುವ ಕೂದಲೆಳೆಯಂಥ ತಂತಿಯವು. 2023ರ ಆರಂಭದಲ್ಲಿ ಶ್ವಾಲ್ಬೆ ಮ್ಯಾರಥಾನ್ ಟೈರು ಹಾಕಿಸಿದೆ, ಜೋಡಿಗೆ 5,600. ಒಳಗೆ 3 ಮಿಲಿಮೀಟರ್ ದಪ್ಪದ ರಬ್ಬರ್ ಪದರ ಇದೆ. ಅಂದಿನಿಂದ ಇಂದಿನವರೆಗೆ ಎರಡೇ ಪಂಚರ್. ತೂಕ ಒಂದೊಂದೂ ಮುಕ್ಕಾಲು ಕೆಜಿಯ ಆಸುಪಾಸು, ಸಿಗ್ನಲ್ಲಿನಿಂದ ಹೊರಡುವಾಗ ಸೋಮಾರಿತನ ಗೊತ್ತಾಗುತ್ತದೆ. ಎಂಟೂವರೆಗೆ ಕಚೇರಿಯಲ್ಲಿ ಇರಬೇಕಾದವನಿಗೆ ಆ ಸೋಮಾರಿತನವೇ ವಾಸಿ.

ಚೈನಿನ ವಿಷಯದಲ್ಲಿ ದಂಡ ಕಟ್ಟಿದ್ದೇನೆ. ಎಣ್ಣೆ ಹಾಕಿದರೆ ಸಾಕು ಎಂದುಕೊಂಡು, ಅದನ್ನೂ ಧಾರಾಳವಾಗಿ ಸುರಿದು, ಮಳೆಗಾಲದ ಕೆಸರನ್ನೆಲ್ಲ ಅದಕ್ಕೆ ಮೆತ್ತಿಸಿ ಅರೆಯುವ ಕಲ್ಲು ಮಾಡಿಟ್ಟಿದ್ದೆ. 5,200 ಕಿಲೋಮೀಟರಿಗೆ ಚೈನು ಬದಲಿಸಿದಾಗ ಹೊಸ ಚೈನು ಹಳೆಯ ಹಲ್ಲುಗಳ ಮೇಲೆ ನಿಲ್ಲದೆ ಹಾರತೊಡಗಿತು. ಹಿಂದಿನ ಹಲ್ಲುಚಕ್ರಗಳ ಗೊಂಚಲನ್ನೂ, ಅಂದರೆ ಕ್ಯಾಸೆಟ್ಟನ್ನೂ, ಬದಲಿಸಬೇಕಾಯಿತು, ಎರಡಕ್ಕೂ ಸೇರಿ 2,400. ಈಗ ಸ್ಟೀಲ್ ಸ್ಕೇಲ್ ಹಿಡಿದು ಅಳೆಯುತ್ತೇನೆ. ಹೊಸ ಚೈನಿನಲ್ಲಿ ಒಂದು ಪಿನ್ನನ್ನು ಸೊನ್ನೆ ಎಂದಿಟ್ಟುಕೊಂಡು ಎಣಿಸಿದರೆ 24ನೆಯ ಪಿನ್ನಿಗೆ ಸರಿಯಾಗಿ 12 ಇಂಚು. ಅದು ಒಂದು ಇಂಚಿನ 16ನೇ ಒಂದು ಭಾಗದಷ್ಟು ಮುಂದೆ ಸರಿದರೆ ಚೈನು ಮಾತ್ರ ಬದಲಿಸಿ ಕ್ಯಾಸೆಟ್ ಉಳಿಸಿಕೊಳ್ಳಬಹುದು. ಎಣ್ಣೆ ಪ್ರತಿ ಕೊಂಡಿಗೆ ಒಂದು ಹನಿ, ಆಮೇಲೆ ಹಳೆಯ ಬನಿಯನ್ನಿನಿಂದ ಹೊರಗಿನದನ್ನು ಪೂರ್ತಿ ಒರೆಸುವುದು.

ಆ ದಂಡದಲ್ಲೇ ಒಂದು ಲಾಭವೂ ಆಯಿತು. ಹಳೆಯ ಕ್ಯಾಸೆಟ್ಟಿನ ದೊಡ್ಡ ಹಲ್ಲುಚಕ್ರ 28 ಹಲ್ಲಿನದು. ಹೊಸದನ್ನು 34ರದ್ದಾಗಿ ಹಾಕಿಸಿದೆ. ಪೆಡಲ್ಲಿನ ಬಳಿಯ ಚಿಕ್ಕ ಹಲ್ಲುಚಕ್ರವೂ 28. ಅಂದರೆ ಅತಿ ಹಗುರ ಗೇರಿನಲ್ಲಿ ಮೊದಲು ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 2.2 ಮೀಟರ್ ಹೋಗುತ್ತಿತ್ತು, ಈಗ 1.8. ಕಾಗದದ ಮೇಲೆ ಏನೂ ಅಲ್ಲ. ಚಾಮುಂಡಿ ಬೆಟ್ಟದ ಸುಮಾರು 300 ಮೀಟರ್ ಏರಿಕೆಯಲ್ಲಿ ಮಾತ್ರ ಅದೇ ಎಲ್ಲ. ಮೊದಲು ನಂದಿಯ ಕಡೆ ತಿರುಗುವ ಜಾಗ ಬರುವುದರೊಳಗೆ ಎರಡು ಸಲ ಇಳಿದು, ನೋಟ ನೋಡುವವನಂತೆ ನಟಿಸುತ್ತಿದ್ದೆ. ಈಗ ಇಳಿಯುವುದಿಲ್ಲ. ಮೆಟ್ಟಿಲೇರಿ ಬಂದವರು ನನಗಿಂತ ಮೊದಲೇ ಮೇಲೆ ಪುರಿ ತಿನ್ನುತ್ತಿರುತ್ತಾರೆ, ಅದು ಬೇರೆ ಮಾತು.

ಶುದ್ಧ ದಂಡವೆಂದರೆ ಪೆಡಲ್ಲಿಗೆ ಕಚ್ಚಿಕೊಳ್ಳುವ ಶೂ. ಶೂ, ಪೆಡಲ್ ಸೇರಿ 8,500. ಬಲ್ಲಾಳ್ ವೃತ್ತದಲ್ಲಿ ಕೆಂಪು ದೀಪ ಬಿದ್ದಾಗ ಕಾಲು ಬಿಡಿಸಿಕೊಳ್ಳಲು ಮರೆತು, ಕಡಿದ ಬಾಳೆಗಿಡದಂತೆ ನಿಧಾನವಾಗಿ ಎಡಕ್ಕೆ ಒರಗಿದೆ. ಆಟೋದವರೊಬ್ಬರು ಇಳಿದು ಬಂದು "ತಲೆ ಸುತ್ತಿತೇ ಸಾರ್?" ಎಂದು ನೀರು ಕೊಟ್ಟರು. ಹೌದು ಎಂದೆ. ದೂರದ ಸವಾರಿ ಮಾಡುವವರಿಗೆ ಅದು ಬೇಕಿರಬಹುದು. ಪ್ರತಿ ಅರ್ಧ ಕಿಲೋಮೀಟರಿಗೆ ನಿಲ್ಲುವ ನನಗೆ ಹಲ್ಲಿರುವ ಸಾದಾ ಅಗಲ ಪೆಡಲ್ ಮತ್ತು ಕಚೇರಿಯ ಶೂ ಸಾಕು.

ಉಳಿದವು ಚುಟುಕಾಗಿ. ಹೆಲ್ಮೆಟ್ ಕಾನೂನಿನ ಬಲವಂತವಲ್ಲ, ಆದರೂ ಬೇಕು. ಒಳಗೆ ಇಎನ್ 1078 (ಯುರೋಪಿನ ಸೈಕಲ್ ಹೆಲ್ಮೆಟ್ ಸುರಕ್ಷತಾ ಮಾನದಂಡ) ಎಂಬ ಚೀಟಿ ಇರುವುದನ್ನು ನೋಡಿ 2,200ಕ್ಕೆ ತಂದೆ. ಒಮ್ಮೆ ಪೆಟ್ಟು ಬಿದ್ದರೆ ಅದನ್ನು ಮತ್ತೆ ಬಳಸಬಾರದು. ಹಿಂದಿನ ಕೆಂಪು ದೀಪವನ್ನು ಹಗಲಲ್ಲೂ ಹಾಕಿರುತ್ತೇನೆ. ಪ್ಯಾಡ್ ಇರುವ ಚಡ್ಡಿ ಭಾನುವಾರಕ್ಕೆ ಮಾತ್ರ, ಅದರೊಳಗೆ ಇನ್ನೊಂದು ಒಳಚಡ್ಡಿ ಹಾಕಬಾರದು ಎಂಬುದನ್ನು ಯಾರೂ ಹೇಳದೆ ಉಜ್ಜು ಗಾಯದಿಂದ ಕಲಿತೆ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಬೀಗ, ಬೆಲ್ ಎಲ್ಲ ಸೇರಿ 4,300. ಅದರಲ್ಲಿ ಬೆಲ್ಲಿನದು ಮಾತ್ರ ಎರಡು ಸಲ ಖರ್ಚು. ಮೊದಲು ಹಾಕಿಸಿದ ನಾಜೂಕಿನದು ಪೂಜೆಯ ಗಂಟೆಗಿಂತ ಮೆಲ್ಲಗೆ ಕೇಳುತ್ತಿತ್ತು. ಈಗಿರುವುದು ಹಳೆಯ ಮಾದರಿಯ ಬಟ್ಟಲಿನಂಥ ಬೆಲ್, ಅಪ್ಪನೇ ಆರಿಸಿ ತಂದದ್ದು.

ಇದೇ ಸೈಕಲ್ಲನ್ನು ಮತ್ತೆ ಕೊಳ್ಳುವೆಯಾ ಎಂದರೆ, ಕೊಳ್ಳುತ್ತೇನೆ, ಎಂ ಅಳತೆಯದು ಸಿಗುವವರೆಗೆ ಕಾದು. ಹೋದ ವಾರದಿಂದ ಪೆಡಲ್ ತುಳಿದಾಗಲೆಲ್ಲ ಪೆಡಲ್ ತೋಳುಗಳು ತಿರುಗುವ ಅಚ್ಚಿನ (ಬಾಟಮ್ ಬ್ರಾಕೆಟ್) ಕಡೆಯಿಂದ ಕಟ್ ಕಟ್ ಎನ್ನುತ್ತಿದೆ, ಹಿಂದಿನ ಚಕ್ರದ ಒಂದು ಕಡ್ಡಿಯೂ ಸಡಿಲವಾಗಿದೆ. ಭಾನುವಾರ ಬಿಚ್ಚಿಸಬೇಕು.